ಚಂದನಳ ಮೊದಲ ಮುಡಿ

ಮೂರ್ತಿ ತಿಂಗಳಿಗೆ ಎರಡು ಸಲ ಅಪ್ಪನಾಗುತ್ತಿದ್ದ. ಮಾಲೂರಿನ ಹೊರಗಿನ ಇಟ್ಟಿಗೆ ಫ್ಯಾಕ್ಟರಿಯೊಂದರಲ್ಲಿ ಲಾರಿಗೆ ಇಟ್ಟಿಗೆ ತುಂಬುವುದು ಅವನ ಕೆಲಸ. ಭಾನುವಾರ ರಜ. ಒಂದು ಭಾನುವಾರ ನಿದ್ದೆಗೆ, ಮುಂದಿನ ಭಾನುವಾರ ಮಗಳಿಗೆ ಎಂದು ತಾನೇ ಪಾಲು ಮಾಡಿಕೊಂಡಿದ್ದ. ಮಗಳ ಪಾಲಿನ ಭಾನುವಾರ ಬೆಳಿಗ್ಗೆ ಎದ್ದು ತಲೆಗೆ ಸ್ನಾನ ಮಾಡಿ, ಉಗುರಿನ ಸಂದಿಯ ಕೆಂಪು ಮಣ್ಣನ್ನು ಕಡ್ಡಿಯಲ್ಲಿ ಕೆರೆದು, ಇಸ್ತ್ರಿ ಮಾಡಿದ ಷರಟು ತೊಟ್ಟು, ಕೋಲಾರದಲ್ಲಿ ಬಸ್ಸು ಬದಲಾಯಿಸಿ ಶ್ರೀನಿವಾಸಪುರಕ್ಕೆ ಬರುತ್ತಿದ್ದ. ಕೈಯಲ್ಲೊಂದು ಪ್ಲಾಸ್ಟಿಕ್ ಕವರು. ಅದರಲ್ಲಿ ಕ್ರೀಮ್ ಬಿಸ್ಕತ್ತು, ಬಾಳೆಹಣ್ಣು, ಹಬ್ಬ ಹತ್ತಿರವಿದ್ದರೆ ಮಿಣಮಿಣ ಮಿನುಗುವ ಫ್ರಾಕು. ಅಪ್ಪ ಎಂದರೆ ಕವರು ಹಿಡಿದುಕೊಂಡು ಬರುವವನು, ಕವರು ಭಾರವಾಗಿದ್ದರೆ ಒಳ್ಳೆಯ ಅಪ್ಪ ಎಂಬುದು ಅವನ ತಿಳುವಳಿಕೆ. ಅವನ ಸ್ವಂತ ಅಪ್ಪ ದೊಡ್ಡನಾರಾಯಣಪ್ಪ ಸಂತೆಯಿಂದ ಯಾವತ್ತೂ ಬರಿಗೈಯಲ್ಲಿ ಬರುತ್ತಿದ್ದ ಮನುಷ್ಯ. ಹಾಗಾಗಿ ಈ ವಿಷಯದಲ್ಲಿ ತಾನು ಅಪ್ಪನಿಗಿಂತ ಎಷ್ಟೋ ವಾಸಿ ಎಂದು ಮೂರ್ತಿಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಮಗಳು ಚಂದನಳಿಗೆ ನಾಲ್ಕು ವರ್ಷ. ಶ್ರೀನಿವಾಸಪುರದ ಹಿಂದಿನ ಬೀದಿಯ ಒಂಟಿ ಕೋಣೆಯ ಮನೆಯಲ್ಲಿ ಅಮ್ಮ ಶ್ವೇತ, ಅಜ್ಜಿ ಆಂಜಿನಮ್ಮ ಇಬ್ಬರ ನಡುವೆ ಬೆಳೆಯುತ್ತಿದ್ದಳು. ಶ್ವೇತ ಮಾವಿನ ಕಾಲದಲ್ಲಿ ಮಂಡಿಯಲ್ಲಿ ಕಾಯಿ ಆರಿಸಲು ಹೋಗುತ್ತಿದ್ದಳು, ಉಳಿದ ಕಾಲದಲ್ಲಿ ಟೊಮೆಟೊ ತೋಟದ ಕೂಲಿ. ಆಂಜಿನಮ್ಮ ಹೊಸ್ತಿಲ ಮೇಲೆ ಕುಳಿತು ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದಳು. ಮೂರ್ತಿ ಬಂದು "ಅತ್ತೆ, ಚೆನ್ನಾಗಿದೀರಾ?" ಎಂದರೆ ಕಿವಿ ಕೇಳದವಳಂತೆ ಕುಟ್ಟುತ್ತಲೇ ಇರುತ್ತಿದ್ದಳು. ಅತ್ತೆ ಎನ್ನಿಸಿಕೊಳ್ಳಲು ಮೊದಲು ಅಳಿಯನೊಬ್ಬ ಇರಬೇಕು ಎಂಬುದು ಅವಳ ಲೆಕ್ಕ. ಆ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಮೂರ್ತಿ ಶ್ವೇತಳಿಗೆ ತಾಳಿ ಕಟ್ಟಿರಲಿಲ್ಲ.

ಬೀದಿಯವರ ಬಾಯಿಗೆ ಹೆದರಿ ಮಗುವಿಗೆ ಅವನನ್ನು "ಮೂರ್ತಿ ಮಾಮ" ಎಂದು ಕರೆಯಲು ಕಲಿಸಿದ್ದರು. ಶ್ವೇತ ಮಾಲೂರಿನಲ್ಲಿ ಕೆಲಸ ಮಾಡುವಾಗ ಅವಳನ್ನು ಅಣ್ಣನ ಹಾಗೆ ನೋಡಿಕೊಂಡವನು, ಒಳ್ಳೆಯವನು, ಆಗಾಗ ಮಗುವನ್ನು ನೋಡಲು ಬರುತ್ತಾನೆ ಎಂದು ಅಕ್ಕಪಕ್ಕದವರಿಗೆ ಹೇಳಿದ್ದರು. ಹೆತ್ತ ಅಪ್ಪ ಎಲ್ಲೋ ತಮಿಳುನಾಡಿನ ಕಡೆ ಹೋದವನು ಪತ್ತೆಯಿಲ್ಲ ಎಂದೂ ಹೇಳಿದ್ದರು. ಮೊದಲ ಸಲ ಮಗಳು "ಮಾಮ" ಎಂದಾಗ ಮೂರ್ತಿ ಬಸ್ ನಿಲ್ದಾಣದ ಹಿಂದೆ ಹೋಗಿ ಅತ್ತಿದ್ದ. ಆಮೇಲೆ ಅಭ್ಯಾಸವಾಯಿತು. ಮನುಷ್ಯನಿಗೆ ಯಾವುದು ಅಭ್ಯಾಸವಾಗುವುದಿಲ್ಲ ಹೇಳಿ.

ಶ್ವೇತ ಮೊದಲು ಮಾಲೂರಿನ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆಗಿದ್ದಳು. ಇಬ್ಬರೂ ಒಂದು ವರ್ಷ ಒಂದೇ ಬಾಡಿಗೆ ಕೋಣೆಯಲ್ಲಿ ಗಂಡ ಹೆಂಡಿರ ಹಾಗೇ ಇದ್ದರು. ಆ ವರ್ಷ ಮೂರ್ತಿ ಇಟ್ಟ ಆಣೆಗಳಿಗೆ ಲೆಕ್ಕವಿಲ್ಲ. ಮನೆದೇವರು ಮುನೇಶ್ವರನ ಮೇಲೆ, ಹೆತ್ತ ತಾಯಿ ಬಚ್ಚಮ್ಮನ ಮೇಲೆ, ತಿನ್ನುವ ಅನ್ನದ ಮೇಲೆ. ತಂಗಿಯ ಮದುವೆಯಾಗಲಿ ಎಂದ, ಆಯಿತು. ಯುಗಾದಿ ಕಳೆಯಲಿ ಎಂದ, ಕಳೆಯಿತು. ಶ್ವೇತಳಿಗೆ ಐದು ತಿಂಗಳಾದಾಗ ಬಸ್ಸು ಹತ್ತಿಸಿ, "ನೀನು ಹೋಗಿರು, ಅಪ್ಪನ ಹತ್ರ ಮಾತಾಡ್ಕೊಂಡು ಬರ್ತೀನಿ" ಎಂದ. ಅವನು ಕೆಟ್ಟವನಲ್ಲ. ಹೆದರುಪುಕ್ಕಲ. ಕೆಟ್ಟವನಾಗಿದ್ದರೆ ಅವಳು ಅಂದೇ ಬಿಟ್ಟು ಬದುಕುತ್ತಿದ್ದಳು. ಹೆದರುಪುಕ್ಕಲನನ್ನು ಬಿಡುವುದಕ್ಕೆ ವರ್ಷಗಳು ಹಿಡಿಯುತ್ತವೆ, ಇವತ್ತಲ್ಲ ನಾಳೆ ಧೈರ್ಯ ಬಂದೀತೆಂದು ಕಾಯಿಸುತ್ತಾನೆ.

ಅಪ್ಪನ ಹತ್ತಿರ ಅವನು ಮಾತಾಡಿದ್ದು ಒಂದೇ ಸಲ, ಅದೂ ಮಗು ಹುಟ್ಟಿ ವರ್ಷವಾದ ಮೇಲೆ. ಆವನಿಯಿಂದ ಮೂರು ಮೈಲಿ ಆಚೆಗಿನ ಹಳ್ಳಿ ಅವನದು. ದೊಡ್ಡನಾರಾಯಣಪ್ಪ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದವನು ತಲೆ ಎತ್ತದೆ ಹೇಳಿದ.

"ತಾಳಿ ಕಟ್ಟಿಲ್ಲ, ನಮ್ ದೇವ್ರಿಗೆ ಮುಡಿ ಕೊಟ್ಟಿಲ್ಲ. ನಮ್ಮನೇಲಿ ಅಂಥ ಮಗೂನೇ ಇಲ್ಲ ಕಣೋ. ಇನ್ನೊಂದ್ ಸಲ ಎತ್ಬೇಡ."

ಬೇರೆ ಯಾರಾದರೂ ಆಗಿದ್ದರೆ ಅದು ಆಗದು ಎಂಬ ಉತ್ತರ ಎಂದುಕೊಳ್ಳುತ್ತಿದ್ದರು. ಮೂರ್ತಿಗೆ ಹಾಗನ್ನಿಸಲಿಲ್ಲ. ಮಗು ತನ್ನದಾಗಲು ಎರಡು ಕೆಲಸವಿದೆ, ಒಂದು ತಾಳಿ, ಇನ್ನೊಂದು ಮುಡಿ ಎಂದು ಅವನ ತಲೆಯಲ್ಲಿ ಕೂತಿತು. ತಾಳಿ ಕಟ್ಟಲು ಗುಂಡಿಗೆ ಬೇಕು. ಮುಡಿ ಕೊಡಲು ಒಂದು ಕತ್ತಿ, ಒಂದು ತಂಬಿಗೆ ನೀರು ಸಾಕು.

ಆ ಕಡೆ ಮುಡಿ ಕೊಡುವತನಕ ಹುಟ್ಟುಗೂದಲಿಗೆ ಕತ್ತರಿ ತಾಗಿಸುವುದಿಲ್ಲ. ಅಪ್ಪನ ಮನೆದೇವರ ಮುಂದೆ ಮಗುವನ್ನು ಸೋದರಮಾವ ತೊಡೆಯ ಮೇಲೆ ಕೂರಿಸಿಕೊಳ್ಳುತ್ತಾನೆ, ಕ್ಷೌರದವನು ಬೋಳಿಸುತ್ತಾನೆ, ಬಿದ್ದ ಕೂದಲನ್ನು ಸೋದರತ್ತೆ ಸೆರಗಿನಲ್ಲಿ ಹಿಡಿಯುತ್ತಾಳೆ. ಅಲ್ಲಿ ಅಪ್ಪನಿಗೆ ಮಾಡಲು ಏನೂ ಕೆಲಸವಿಲ್ಲ, ಅವನು ಕೊಡುವುದು ದೇವರನ್ನು ಮಾತ್ರ. ಆದರೆ ಅದೇ ದೊಡ್ಡದು. ಆಸ್ಪತ್ರೆಯ ಕಾಗದದಲ್ಲಿ ಅಪ್ಪನ ಹೆಸರು ಮೂರ್ತಿ ಎಂದೇ ಇತ್ತು, ಶ್ವೇತ ಬರೆಸಿದ್ದಳು. ಆದರೆ ಕಾಗದ ನೋಡುವವರು ಸರ್ಕಾರದವರು. ಊರಿನವರು ಕೇಳುವುದು ಮೊದಲ ಮುಡಿ ಯಾವ ದೇವರಿಗೆ ಬಿತ್ತು ಎಂದು. ಬಿದ್ದ ಮೇಲೆ ಮಗು ಆ ಮನೆಯದು, ಬದಲಾಯಿಸಲು ಬರುವುದಿಲ್ಲ.

ಹೀಗಾಗಿ ಚಂದನಳ ಕೂದಲು ಹುಟ್ಟಿದಾಗಿನಿಂದ ಬೆಳೆದು ಸೊಂಟಕ್ಕೆ ಬಂದಿತ್ತು. ಹೇನು, ಸಿಕ್ಕು, ಬೇಸಿಗೆಯಲ್ಲಿ ಕುತ್ತಿಗೆಯ ತುಂಬ ಬೆವರುಗುಳ್ಳೆ. ಅಂಗನವಾಡಿಯ ಮೇಡಂ ಎರಡು ಸಲ ಬೈದು ಕಳಿಸಿದ್ದರು. "ಯಾವಾಗ ಕರ್ಕೊಂಡೋಗ್ತೀಯಾ?" ಎಂದು ಶ್ವೇತ ಮೊದಲೆಲ್ಲ ಪ್ರತಿ ಸಲವೂ ಕೇಳುತ್ತಿದ್ದಳು. ಮುಂದಿನ ತಿಂಗಳು ಎಂದು ಅವನು ಪ್ರತಿ ಸಲವೂ ಹೇಳುತ್ತಿದ್ದ. ಈಗ ಆರು ತಿಂಗಳಿಂದ ಅವಳು ಕೇಳುವುದನ್ನೇ ಬಿಟ್ಟಿದ್ದಳು. ಹೆಂಗಸು ಕೇಳುವುದನ್ನು ನಿಲ್ಲಿಸಿದರೆ ಗಂಡಸಿಗೆ ನೆಮ್ಮದಿ. ಏಕೆ ನಿಲ್ಲಿಸಿದಳು ಎಂದು ಯೋಚಿಸುವ ಗಂಡಸು ಅಪರೂಪ, ಮೂರ್ತಿಯಂತೂ ಯೋಚಿಸಲಿಲ್ಲ.

ಜೂನ್ ತಿಂಗಳ ಮೊದಲ ಭಾನುವಾರ ಅವನು ಬಂದಾಗ ಶ್ವೇತ ಮಂಡಿಗೆ ಹೋಗಿದ್ದಳು, ಮಾವಿನ ಭರಾಟೆಯಲ್ಲಿ ಅವಳಿಗೆ ಭಾನುವಾರವೂ ಇಲ್ಲ. ಆಂಜಿನಮ್ಮ ಮೊಮ್ಮಗಳ ತಲೆಗೆ ಎಣ್ಣೆ ಹಚ್ಚಿ ಹಣಿಗೆಯಲ್ಲಿ ಹೇನು ತೆಗೆಯುತ್ತಿದ್ದಳು.

"ಇನ್ನೆಷ್ಟು ದಿನಾನಮ್ಮ ಈ ಪೀಡೆ," ಎಂದು ಕೂದಲಿಗೆ ಹೇಳಿದಳು. "ಬರೋ ವಾರ ಬಿಟ್ಟು ಆಚೆ ಶುಕ್ರವಾರ ಮುಗೀತು."

ಮೂರ್ತಿಯ ಕೈಯಲ್ಲಿದ್ದ ಕವರು ಅಲ್ಲೇ ನಿಂತಿತು. "ಮುಡಿ ಕೊಡ್ತೀರಾ? ಯಾವ ದೇವ್ರಿಗೆ?"

"ನಿಂಗ್ಯಾಕಪ್ಪ? ನಾಕು ವರ್ಷದಿಂದ ಇಲ್ದಿರೋ ದೇವ್ರು ನಿಂಗೀಗ ನೆಪ್ಪಾಯ್ತಾ?"

ಅವಳು ಅಷ್ಟಕ್ಕೇ ಬಿಟ್ಟಳು. ಪೂರ್ತಿ ಹೇಳಿದ್ದರೆ ಈ ಕತೆಯೇ ಇರುತ್ತಿರಲಿಲ್ಲವೋ ಏನೋ. ಆದರೆ ಅವನೊಂದಿಗೆ ಎರಡು ಮಾತಿಗಿಂತ ಹೆಚ್ಚು ಆಡುವುದು ಅವಳಿಗೆ ಆಗುತ್ತಿರಲಿಲ್ಲ. ಮೂರ್ತಿ ತನ್ನಷ್ಟಕ್ಕೆ ತಾನೇ ಅರ್ಥ ಮಾಡಿಕೊಂಡ. ಇವರು ಸೋತು ಆಂಜಿನಮ್ಮನ ತವರಿನ ದೇವರಿಗೋ ಯಾವುದಕ್ಕೋ ಕೊಟ್ಟುಬಿಡುತ್ತಾರೆ. ಅಲ್ಲಿಗೆ ಚಂದನ ಅಪ್ಪನಿಲ್ಲದ ಮಗು ಎಂದು ಊರ ಮುಂದೆ ಖಾಯಂ ಆಗುತ್ತದೆ. ಇಷ್ಟು ವರ್ಷ ಎಲ್ಲಿತ್ತೋ ಆ ಧೈರ್ಯ, ಆಗ ಬಂತು.

"ಬಾರಮ್ಮ, ಬಸ್ ಸ್ಟಾಂಡಿಗೆ ಹೋಗಿ ಐಸ್‌ಕ್ರೀಂ ತಿನ್ಕೊಂಡ್ ಬರಾಣ," ಎಂದು ಮಗಳ ಕೈ ಹಿಡಿದ. ಇದು ಪ್ರತಿ ಸಲದ ವಾಡಿಕೆಯಾದ್ದರಿಂದ ಆಂಜಿನಮ್ಮ ಏನೂ ಹೇಳಲಿಲ್ಲ. ಐಸ್‌ಕ್ರೀಂ ಕೊಡಿಸಿದ್ದೂ ನಿಜ. ಚಂದನ ಅದನ್ನು ನೆಕ್ಕುತ್ತಿರುವಾಗಲೇ ಮುಳಬಾಗಿಲಿನ ಬಸ್ಸು ಹತ್ತಿಸಿದ.

ಮುಳಬಾಗಿಲಿನಿಂದ ಆಟೋದಲ್ಲಿ ಆವನಿ ದಾಟಿ, ಊರೊಳಗೆ ಹೋಗದೆ ಕೆರೆಯ ಏರಿಯ ಮೇಲೆ ನಡೆದು, ಕ್ಷೌರದ ಪೆದ್ದಪ್ಪನ ಮನೆಯ ಹಿತ್ತಲಿಗೆ ಹೋದ. ಮೂರ್ತಿಯ ಹುಟ್ಟುಗೂದಲು ತೆಗೆದವನೂ ಇದೇ ಪೆದ್ದಪ್ಪ. ಈಗ ಕಣ್ಣು ಮಂಜು, ಕೈ ಮಾತ್ರ ಇನ್ನೂ ನಡುಗುತ್ತಿರಲಿಲ್ಲ.

"ಏನ್ಲಾ, ಯಾರ್ ಮಗು ಇದು?"

"ನಂದೇ ಪೆದ್ದಪ್ಪ. ಮುಡಿ ತೆಗೀಬೇಕು."

"ನಿಮ್ಮಪ್ಪನಿಗೆ ಗೊತ್ತಾ?" ಮೂರ್ತಿ ನೆಲ ನೋಡಿದ. "ಸೋದ್ರಮಾವ ಎಲ್ಲಿ? ಅತ್ತೆ ಎಲ್ಲಿ? ತಾಯಿ ಎಲ್ಲಿ? ಯಾರೂ ಇಲ್ದಂಗೆ ಬೋಳ್ಸಿದ್ರೆ ಅದು ಮುಡಿ ಅನ್ಸ್‌ಕೊಳ್ಳಲ್ಲ ಕಣೋ, ಬರೀ ಕ್ಷೌರ."

"ಎಲ್ಲಾ ನಾನೇ ಮಾಡ್ತೀನಿ. ದೇವ್ರು ನೋಡ್ತಾನಲ್ಲ."

ಪೆದ್ದಪ್ಪನಿಗೆ ಏನನ್ನಿಸಿತೋ, ಕತ್ತಿಯ ಡಬ್ಬಿ ಎತ್ತಿಕೊಂಡು ಹೊರಟ.

ಮುನೇಶ್ವರನದು ಬಂಡೆಯ ಮೇಲೊಂದು ಬೇವಿನ ಮರ, ಮರದ ಕೆಳಗೆ ಮೂರು ಕಲ್ಲು, ಕುಂಕುಮ. ಅಷ್ಟೇ ಗುಡಿ. ಮೂರ್ತಿ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಸೋದರಮಾವನಾದ. ಟವೆಲ್ಲನ್ನು ಮಡಿಲಿಗೆ ಹಾಸಿ ಕೂದಲು ಹಿಡಿದು ಸೋದರತ್ತೆಯಾದ. ಕತ್ತಿ ತಾಗಿದ ಕೂಡಲೇ ಚಂದನ ಅಮ್ಮ ಬೇಕೆಂದು ಕಿರುಚಾಡಿದಳು. ಅವನು ಎರಡು ಕೈಯಲ್ಲೂ ಅವಳ ಗಲ್ಲ ಹಿಡಿದು, "ಆಯ್ತು ಕಂದ, ಆಯ್ತು ನನ್ನವ್ವ" ಎನ್ನುತ್ತಲೇ ಇದ್ದ. ಎಣ್ಣೆ ಹತ್ತಿದ ಉದ್ದ ಕೂದಲು ಟವೆಲ್ಲಿನ ಮೇಲೆ ಬಿದ್ದ ಹಾಗೆಲ್ಲ ಅವನ ಕಣ್ಣಲ್ಲಿ ನೀರು ಬಂತು. ನಾಲ್ಕು ವರ್ಷದಲ್ಲಿ ಅವನು ಕೊಟ್ಟ ಎಲ್ಲ ಕವರುಗಳೂ ಸೇರಿದರೂ ಇಷ್ಟು ಭಾರವಿರಲಿಲ್ಲ. ನಾನು ಇವಳ ಅಪ್ಪ, ಇನ್ನು ಯಾರು ಏನು ಹೇಳಿದರೂ ಅಪ್ಪ. ಅವನ ಬದುಕಿನಲ್ಲಿ ಅಷ್ಟು ಸುಖದ ಗಳಿಗೆ ಹಿಂದೆ ಬಂದಿರಲಿಲ್ಲ. ಮುಂದೆಯೂ ಬರಲಿಲ್ಲ.

ಬೋಳಾದ ತಲೆಗೆ ಪೆದ್ದಪ್ಪ ಗಂಧ ಮೆತ್ತಿದ. ಮುಳಬಾಗಿಲಿನಲ್ಲಿ ಮೂರ್ತಿ ಒಂದು ಗುಲಾಬಿ ಟೋಪಿ ಕೊಡಿಸಿದ. ಸಂಜೆ ಐದಕ್ಕೆ ಶ್ರೀನಿವಾಸಪುರ ಮುಟ್ಟುವಷ್ಟರಲ್ಲಿ ಬೀದಿಯ ತುಂಬ ಹುಡುಕಾಟ ನಡೆದಿತ್ತು. ಶ್ವೇತ ಮಂಡಿಯ ಕೆಲಸ ಅರ್ಧಕ್ಕೇ ಬಿಟ್ಟು ಬಂದು, ಬಸ್ ನಿಲ್ದಾಣಕ್ಕೆ ನಾಲ್ಕು ಸಲ ಓಡಾಡಿ, ಬಾಗಿಲಲ್ಲಿ ನಿಂತಿದ್ದಳು. ಅವಳು ಬಾಯಿ ತೆರೆಯುವ ಮೊದಲೇ ಮೂರ್ತಿ ಮಗಳ ಟೋಪಿ ತೆಗೆದ.

"ನಮ್ ಮುನೇಶ್ವರನಿಗೆ ಮುಡಿ ಕೊಟ್ಟೆ ಕಣೇ. ಇನ್ಮೇಲೆ ಇವ್ಳು ನನ್ ಮಗಳು."

ಆಂಜಿನಮ್ಮ ಬಾಯಿ ಬಾಯಿ ಬಡಿದುಕೊಂಡಳು. ಶ್ವೇತ ಬಡಿದುಕೊಳ್ಳಲಿಲ್ಲ, ಬೈಯಲಿಲ್ಲ. ಮಗುವನ್ನು ಎಳೆದು ಒಳಗೆ ಕರೆದುಕೊಂಡು, ಮೂರ್ತಿಯೂ ಒಳಗೆ ಬಂದ ಮೇಲೆ ಬಾಗಿಲು ಮುಂದೆ ಮಾಡಿ, ನೆಲದ ಮೇಲೆ ಕೂತುಬಿಟ್ಟಳು.

"ಚಂದ್ರಮೋಹನ್ ಅಂತ," ಎಂದಳು. "ರಾಯಲ್ಪಾಡಿನೋರು. ಮಂಡಿಗೆ ಟೆಂಪೋದಲ್ಲಿ ಕಾಯಿ ತರ್ತಾರೆ. ಹೆಂಡ್ತಿ ತೀರ್ಕೊಂಡು ಮೂರು ವರ್ಷ ಆಯ್ತು, ಮಕ್ಳಿಲ್ಲ. ನಿನ್ ವಿಷ್ಯ ಎಲ್ಲಾ ಹೇಳಿದೀನಿ ಅವ್ರಿಗೆ. ಆದ್ರೂ ಒಪ್ಕೊಂಡ್ರು. ಅವ್ರಮ್ಮನಿಗೆ ಬೀದಿಯೋರಿಗೆ ಹೇಳಿದ್ ಕತೇನೇ ಹೇಳಿರೋದು, ಅವ್ರದ್ದು ಒಂದೇ ಮಾತು. ಮಗು ಮೊದಲ ಮುಡಿ ಅವ್ರ ದೇವ್ರಿಗೆ ಬೀಳ್ಬೇಕು, ಆಗ ಅದು ನಮ್ಮನೆ ಮಗು, ನಡುಮನೇಲಿ ಬೆಳೀಲಿ ಅಂತ. ಆ ಶುಕ್ರವಾರ ಮುಡಿ, ಅಲ್ಲೇ ನಂಗೆ ತಾಳಿ. ಆಷಾಢ ಬರೋದ್ರೊಳಗೆ."

ಮೂರ್ತಿ ಗೋಡೆಗೆ ಒರಗಿದ. "ನಂಗೊಂದ್ ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಅಳ್ತಿದ್ದೆ. ಇನ್ನೇನ್ ಮಾಡ್ತಿದ್ದೆ?" ಅವಳ ದನಿ ಏರಲಿಲ್ಲ. "ಹೋದ ವರ್ಷ ಮಾವಿನ ಕಾಲ್ದಲ್ಲಿ ಇವ್ಳಿಗೆ ಜ್ವರ ಏರಿ ಕಣ್ ಮೇಲ್ಕೆ ಹೋದ್ವು. ನಿಂಗೆ ಫೋನ್ ಮಾಡ್ದೆ, ಲೋಡ್ ಇದೆ, ಭಾನುವಾರ ಬರ್ತೀನಿ ಅಂದೆ. ಅವ್ರು ಮಂಡಿ ಮುಂದೆ ಕಾಯಿ ಇಳಿಸ್ದೆ ಹಂಗೇ ಟೆಂಪೋ ತಿರುಗ್ಸಿ ಆಸ್ಪತ್ರೆಗೆ ಕರ್ಕೊಂಡೋದ್ರು. ರಾತ್ರಿ ತನಕ ಇವ್ಳ ಕಾಲು ಹಿಡ್ಕೊಂಡು ಕೂತಿದ್ರು, ಸೂಜಿ ಕಿತ್ಕೋತಾಳೆ ಅಂತ. ಆ ಭಾನುವಾರ ನೀನು ಬಿಸ್ಕತ್ತು ತಂದೆ."

ಆ ಬಿಸ್ಕತ್ತು ಎರಡು ಪ್ಯಾಕೆಟ್ಟು ತಂದಿದ್ದೆ ಎಂದು ಮೂರ್ತಿಗೆ ನೆನಪಾಯಿತು, ಅದನ್ನು ಹೇಳದಷ್ಟು ಬುದ್ಧಿ ಇತ್ತು.

ತಲೆಯನ್ನು ಹೇನಿಗೆಂದು ಬೋಳಿಸಿದ್ದು ಎಂದು ಹೇಳಿ ಹೇಗೋ ದಾಟಿಸಬಹುದು ಎಂದು ಆಂಜಿನಮ್ಮ, ಶ್ವೇತ ಲೆಕ್ಕ ಹಾಕಿದರು. ಆದರೆ ಮಂಗಳವಾರ ಚಂದ್ರಮೋಹನನ ತಾಯಿ ಶ್ಯಾಮಲಮ್ಮ ಮಗುವಿಗೆ ಹೊಸ ಬಟ್ಟೆಯ ಅಳತೆ ತೆಗೆದುಕೊಳ್ಳಲು ಬಂದಾಗ ಚಂದನ ಓಡಿಬಂದು ತಾನೇ ಎಲ್ಲವನ್ನೂ ಒಪ್ಪಿಸಿಬಿಟ್ಟಳು. ಮೂರ್ತಿ ಮಾಮ ಬಸ್ಸಲ್ಲಿ ಕರೆದುಕೊಂಡು ಹೋದರು, ಬಂಡೆ ಹತ್ತಿಸಿದರು, ಸಾಮಿಗೆ ಕೂದಲು ಕೊಟ್ಟೆವು, ಟೋಪಿ ಕೊಡಿಸಿದರು. ಶ್ಯಾಮಲಮ್ಮ ಮುಖ ಗಂಟಿಕ್ಕಿ ಎದ್ದು ಹೋದಳು. ಮಾರನೆಯ ದಿನ ಅವಳ ಮಾತು ಬಂತು. ಮಗುವಿನ ಮಾತು ಹಿಡಿಯುವುದು ಬೇಡ. ಆ ಮಾಮ ಎನ್ನುವವನು ಬಂದು, ಇದು ದೇವರಿಗೆ ಕೊಟ್ಟ ಮುಡಿಯಲ್ಲ, ಈ ಮಗುವಿಗೂ ತನಗೂ ಸಂಬಂಧವಿಲ್ಲ ಎಂದು ಮಗುವಿನ ತಲೆಯ ಮೇಲೆ ಕೈಯಿಟ್ಟು ಆಣೆ ಇಡಲಿ. ಇಟ್ಟರೆ ಹೇಳಿದ ಶುಕ್ರವಾರವೇ ಮದುವೆ.

ಶ್ವೇತ ಮಾಲೂರಿಗೆ ಫೋನ್ ಮಾಡಿದಳು. "ನೀನೇ ಕೆಡಿಸಿದ್ದು, ನೀನೇ ಬಂದು ಸರಿ ಮಾಡು," ಎಂದಳು. ಮೂರ್ತಿ ಬರ್ತೀನಿ ಎಂದ. ಈ ಸಲ ಮುಂದಿನ ತಿಂಗಳು ಎನ್ನಲಿಲ್ಲ, ನಿದ್ದೆಯ ಭಾನುವಾರವನ್ನೇ ಕೊಟ್ಟ. ವಾರವಿಡೀ ಇಟ್ಟಿಗೆ ಎತ್ತುತ್ತ ಅದೇ ಮಾತನ್ನು ಬಾಯಿಪಾಠ ಮಾಡಿದ. ಹೇನಿಗೆ ಬೋಳಿಸಿದ್ದು, ನನಗೂ ಮಗುವಿಗೂ ಸಂಬಂಧವಿಲ್ಲ. ಹೇಳಬಲ್ಲೆ ಎಂದೇ ಅಂದುಕೊಂಡಿದ್ದ. ಮಗಳಿಗೆ ಒಳ್ಳೆಯದಾಗುವುದಾದರೆ ತಾನು ಅಪ್ಪನಲ್ಲ ಎನ್ನುವುದೂ ಅಪ್ಪನ ಕೆಲಸವೇ ಎಂಬಷ್ಟು ದೂರ ಅವನ ಬುದ್ಧಿ ಆ ವಾರದಲ್ಲಿ ನಡೆದಿತ್ತು.

ರಾಯಲ್ಪಾಡಿನ ಮನೆ ಊರಾಚೆ, ಮಾವಿನ ಮರಗಳ ನಡುವೆ. ಅಂಗಳದಲ್ಲಿ ಕ್ರೇಟುಗಳ ಸಾಲು, ಹಲಸಿನ ಹಣ್ಣಿನ ವಾಸನೆ. ಶ್ವೇತ, ಮಗು, ಮೂರ್ತಿ ಮೂವರೂ ಹೋಗಿ ನಿಂತರು. ಶ್ಯಾಮಲಮ್ಮ ಜಗಲಿಯ ಮೇಲೆ ಕುಳಿತಿದ್ದಳು, ಅಕ್ಕಪಕ್ಕದ ನಾಲ್ಕು ಜನ ಹಿರಿಯರೂ ಇದ್ದರು. ಚಂದನ ಚಂದ್ರಮೋಹನನನ್ನು ಕಂಡವಳೇ "ನಾಯ್ನಾ" ಎಂದು ಓಡಿದಳು. ಆ ಕಡೆ ಅಪ್ಪನನ್ನು ಹಾಗೇ ಕರೆಯುವುದು. ಅವನು ಎತ್ತಿಕೊಂಡು ಬೋಳು ತಲೆಗೆ ಮುತ್ತಿಟ್ಟ. ಮೂರ್ತಿ ಮುಖವನ್ನು ಬೇರೆ ಕಡೆ ತಿರುಗಿಸಿದ.

ಸ್ವಲ್ಪ ಹೊತ್ತಿಗೆ ಚಂದ್ರಮೋಹನ್ ಅವನನ್ನು ಮರಗಳ ಹಿಂದಕ್ಕೆ ಕರೆದುಕೊಂಡು ಹೋದ. ದಪ್ಪ ಮೀಸೆಯ, ಮೆತ್ತಗಿನ ದನಿಯ ಮನುಷ್ಯ.

"ನಂಗೆಲ್ಲಾ ಗೊತ್ತಪ್ಪ. ಅಮ್ಮನಿಗೆ ಒಂದ್ ಮಾತು ಬೇಕು, ಅಷ್ಟೇ. ಹಳೇ ಕಾಲದೋರು, ಬಿಟ್ಕೊಡಲ್ಲ. ನೀನು ಹೇಳ್ಬಿಡು. ಇವ್ಳನ್ನ ನಾನು ಓದಿಸ್ತೀನಿ, ನಂಬು. ನಿಂಗೆ ನೋಡ್ಬೇಕು ಅನ್ಸಿದಾಗ ಬಾ, ಯಾರೂ ಬೇಡ ಅನ್ನಲ್ಲ."

"ಆಯ್ತಣ್ಣ," ಎಂದ ಮೂರ್ತಿ. ಈ ಮನುಷ್ಯನನ್ನು ದ್ವೇಷಿಸಬೇಕೆಂದು ದಾರಿಯುದ್ದಕ್ಕೂ ಪ್ರಯತ್ನಪಟ್ಟಿದ್ದ. ಅದೂ ಅವನ ಕೈಲಾಗಲಿಲ್ಲ.

ಶ್ವೇತ ಮಗುವನ್ನು ಜಗಲಿಯ ಮುಂದೆ ನಿಲ್ಲಿಸಿ ಹೆಗಲು ಹಿಡಿದುಕೊಂಡಳು. ಯಾರೋ ಕೊಟ್ಟ ಮಾವಿನ ಹೋಳು ಚಂದನಳ ಕೈಯಲ್ಲಿತ್ತು, ರಸ ಮೊಣಕೈವರೆಗೆ ಇಳಿಯುತ್ತಿತ್ತು.

"ಕೈಯಿಡು ಅಬ್ಬಾಯ್, ಇಡಪ್ಪ," ಎಂದಳು ಶ್ಯಾಮಲಮ್ಮ. "ನಾನು ಕೆಟ್ಟೋಳಲ್ಲ. ಆದ್ರೆ ಒಬ್ಬರ ದೇವ್ರಿಗೆ ಸೇರಿದ್ ಮಗೂನ ನಮ್ ದೇವ್ರ ಮುಂದೆ ನಿಲ್ಸಿದ್ರೆ ನಮ್ಮನೆಗೂ ಆಗಲ್ಲ, ಆ ಮಗೂಗೂ ಆಗಲ್ಲ. ನಿಜ ಇದ್ರೆ ಹೇಳು, ಮುಗೀತು."

ಮೂರ್ತಿ ಕೈಯಿಟ್ಟ. ಹೊಸ ಕೂದಲು ಆಗಷ್ಟೇ ಮೊಳೆತು ಅಂಗೈಗೆ ಚುಚ್ಚುತ್ತಿತ್ತು. ಇಟ್ಟಿಗೆ ಹೊತ್ತು ಒರಟಾದ ಅಂಗೈ, ಅದರ ಕೆಳಗೆ ಬೆಚ್ಚಗೆ, ಸಣ್ಣಗೆ, ಹಣ್ಣು ಅಗಿಯುತ್ತಿದ್ದ ತಲೆ. ಒಂದೊಂದು ಅಗಿತಕ್ಕೂ ಕಿವಿಯ ಮೇಲಿನ ಜಾಗ ಅಲುಗುತ್ತಿದ್ದುದು ಅವನ ಬೆರಳಿಗೆ ತಿಳಿಯುತ್ತಿತ್ತು.

ಮಗುವಿನ ತಲೆ ಮುಟ್ಟಿ ಸುಳ್ಳಾಣೆ ಇಟ್ಟರೆ ಮಗು ಉಳಿಯುವುದಿಲ್ಲ. ಇದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ, ಹುಟ್ಟಿದಾಗಿನಿಂದ ಗೊತ್ತಿತ್ತು. ಆ ಜಗಲಿಯ ಮೇಲಿದ್ದವರಿಗೆಲ್ಲ ಗೊತ್ತಿತ್ತು, ಅದಕ್ಕೇ ಅಲ್ಲವೇ ಆ ಆಣೆಯನ್ನೇ ಕೇಳಿದ್ದು. ಮುನೇಶ್ವರನ ಮೇಲೆ ಆಣೆಯಿಟ್ಟಾಗ ಮುನೇಶ್ವರ ದೂರದ ಬಂಡೆಯ ಮೇಲಿದ್ದ. ತಾಯಿಯ ಮೇಲೆ ಇಟ್ಟಾಗ ತಾಯಿ ಊರಲ್ಲಿದ್ದಳು. ಇಲ್ಲಿ ಕೈಯ ಕೆಳಗೇ ಜೀವವಿತ್ತು.

"ಈ ಮಗು ತಲೆ ಮೇಲೆ..." ಎಂದ. ಶ್ವೇತ ಅವನನ್ನೇ ನೋಡುತ್ತಿದ್ದಳು. ಹೇಳು ಎನ್ನುತ್ತಿದ್ದವು ಅವಳ ಕಣ್ಣು, ಬರೀ ಹೇಳಿಬಿಡು, ಏನೂ ಆಗಲ್ಲ. ಅವನು ಮತ್ತೆ, "ಈ ಮಗು ತಲೆ ಮೇಲೆ ಕೈಯಿಟ್ಟು..." ಎಂದ. ಚಂದನ ತಲೆಯೆತ್ತಿ ಅವನನ್ನು ನೋಡಿ ನಕ್ಕು, ತನ್ನ ಹಣ್ಣಿನ ಹೋಳನ್ನು ಅವನ ಕಡೆ ಚಾಚಿದಳು. ಬೆಂಕಿ ತಾಗಿದವನಂತೆ ಅವನು ಕೈ ತೆಗೆದ.

"ನನ್ ಕೈಲಾಗಲ್ಲ. ಇವ್ಳು ನನ್ ಮಗಳು."

ಚಂದ್ರಮೋಹನ್ ತಲೆ ತಗ್ಗಿಸಿದ. "ಅಮ್ಮಾ," ಎಂದು ಒಂದು ಸಲ ಶುರು ಮಾಡಿದ, ಶ್ಯಾಮಲಮ್ಮ ಕೈಯೆತ್ತಿ ತಡೆದಳು. ಜಗಲಿಯಿಂದ ಇಳಿದು ಬಂದು ತನ್ನ ಸೆರಗಿನಿಂದಲೇ ಚಂದನಳ ಬಾಯಿ, ಕೈ ಒರೆಸಿದಳು.

"ಹೆತ್ತೋನು ಎದುರಿಗೆ ನಿಂತು ನಂದು ಅಂತಾವ್ನೆ. ಇನ್ನು ನಾನ್ ಹೆಂಗಮ್ಮ ಕರ್ಕೊಳ್ಳಲಿ? ನಿನ್ ಮೇಲೆ ನಂಗೇನೂ ಇಲ್ಲ. ಮಗೂನ ನಿಮ್ಮಮ್ಮನ ಹತ್ರ ಬಿಟ್ಟು ನೀನೊಬ್ಳೇ ಬರೋದಾದ್ರೆ ಈಗ್ಲೂ ಬಾ."

"ಅದಾಗಲ್ಲಮ್ಮ," ಎಂದಳು ಶ್ವೇತ. ಯೋಚಿಸಲು ಒಂದು ಉಸಿರನ್ನೂ ತೆಗೆದುಕೊಳ್ಳಲಿಲ್ಲ. ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ನಡೆದಳು. ಚಂದ್ರಮೋಹನ್ ಗೇಟಿನವರೆಗೆ ಬಂದು ನಿಂತ, ದಾಟಲಿಲ್ಲ. ತಾಯಿಯ ಮಾತು ಮೀರುವಷ್ಟು ಗುಂಡಿಗೆ ಅವನಿಗೂ ಇರಲಿಲ್ಲ.

ಬಸ್ ನಿಲ್ಲುವ ಅರಳಿಮರದ ಕೆಳಗೆ ಬಂದು ಅವಳು ನಿಂತಳು. ಮಗು ಹೆಗಲ ಮೇಲೆ ನಿದ್ದೆ ಹೋಗಿತ್ತು. ಮೂರ್ತಿ ಎರಡು ಹೆಜ್ಜೆ ಹಿಂದೆ ಬರುತ್ತಿದ್ದವನು ಮುಂದೆ ಬಂದ. ಅವನ ಕಣ್ಣು ಕೆಂಪಾಗಿದ್ದವು, ಆದರೆ ಮುಖದಲ್ಲಿ ಏನೋ ಹೊಸ ಕಳೆ ಇತ್ತು. ಅದನ್ನು ನೋಡಿ ಶ್ವೇತಳ ಹೊಟ್ಟೆ ಉರಿಯಿತು.

"ನಾಳೆನೇ ತಾಳಿ ಕಟ್ತೀನಿ ಕಣೇ. ಅಪ್ಪ ಏನಾದ್ರೂ ಅನ್ಲಿ. ಮುನೇಶ್ವರನಾಣೆ..."

"ಆಣೆ ಇಡ್ಬೇಡ!" ಅವಳ ಕೂಗಿಗೆ ಮಗು ಬೆಚ್ಚಿತು. ಬೆನ್ನು ತಟ್ಟಿ ಮತ್ತೆ ಮಲಗಿಸಿ, ದನಿ ತಗ್ಗಿಸಿ ಹೇಳಿದಳು. "ನಂಗೆಷ್ಟು ಆಣೆ ಇಟ್ಟಿದೀಯ ನೀನು? ಒಂದಕ್ಕಾದ್ರೂ ನಿನ್ ಕೈ ನಡುಗ್ತಾ? ಎಲ್ಲಾ ಸುಳ್ಳು ನುಂಗ್ಕೊಂಡ್ ಬದುಕಿದೆ. ನಾನಾಗಿ ನಿನ್ ಹತ್ರ ಒಂದ್ ಸುಳ್ಳೂ ಕೇಳಿರ್ಲಿಲ್ಲ. ಇವತ್ತು ಒಂದೇ ಒಂದು ಸುಳ್ಳು ಕೇಳ್ದೆ. ಒಂದೇ ಒಂದು."

"ಹೆಂಗ್ ಹೇಳ್ಲಿ ಶ್ವೇತ? ಹೇಳಿ ಮಗೂಗೆ ಏನಾದ್ರೂ ಆಗಿದ್ರೆ?"

ಅವಳು ಅವನನ್ನು ನೋಡಿದಳು. ಸಿಟ್ಟು ಇಳಿದುಹೋಗಿತ್ತು, ಬರೀ ಆಯಾಸವಿತ್ತು.

"ಆಯ್ತಲ್ಲ," ಎಂದಳು. "ಇನ್ನೇನಾಗ್ಬೇಕು?"

ಬಸ್ಸು ಬಂತು. ಅವಳು ಮುಂದಿನ ಬಾಗಿಲಿನಿಂದ ಹತ್ತಿದಳು. ಕಂಡಕ್ಟರು ಮೂರ್ತಿಯ ಕಡೆ ಕೈ ತೋರಿಸಿ, "ಅವ್ರೂ ನಿಮ್ಮೋರಾ? ಹತ್ತೋಕೇಳಿ, ಟೈಮಾಯ್ತು" ಎಂದ.

"ಅಲ್ಲ," ಎಂದಳು ಶ್ವೇತ. ಬಸ್ಸು ಹೊರಟಿತು.